ಅಂಗಡಿ ಕಟ್ಟಿಯ ಕೆಳಗಿನ ಚರಿತ್ರೆ

'ಅಂಗಡಿ ಕಟ್ಟಿ ಹತ್ತಿಲ್ಲೋ ಯಪ್ಪಾ ನಾ. ರಸ್ತಾದಾಗ ನಿಂತು ಸಾವ್ಕಾರ್ರ, ಎಣ್ಣಿ ಕೊಡ್ರಿ, ಉಪ್ಪ ಕೊಡ್ರಿ ಅಂತ ಕೂಗಬೇಕು. ರೊಕ್ಕ ಕಲ್ಲಿನ ಮ್ಯಾಲ ಇಡಬೇಕು. ಅವರು ನೀರ ಚಿಮುಕಿಸಿ ತಗೋತಿದ್ರು. ಉಪ್ಪ ಮ್ಯಾಲಿಂದ ಉಡಿಯಾಗ ಬೀಳತಿತ್ತು. ತಕ್ಕಡಿ ಮುಳ್ಳ ಎಲ್ಲಿ ನಿಂತೈತಿ ಅಂಬೂದು ಒಂದ ದಿನಾನೂ ನನಗ ಕಂಡಿಲ್ಲ.'

ದೇವರ ಹಿಪ್ಪರಗಿಯ ಪ್ಯಾಟಿಯನ್ನು ನೆನಪಿಸಿಕೊಂಡು ನನ್ನ ಆಯಿ ಹೇಳಿದ ಮಾತಿದು. ಇದರಲ್ಲಿ ಮುಟ್ಟಿಸಿಕೊಳ್ಳದ ಅವಮಾನ ಇದೆ. ಆ ಅವಮಾನದ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಓದಿದ್ದೇವೆ. ಆದರೆ ಕೊನೆಯ ಮಾತನ್ನು ನಾವು ಅಷ್ಟಾಗಿ ಕೇಳಿಸಿಕೊಂಡಿಲ್ಲ. ತಕ್ಕಡಿಯ ಮುಳ್ಳು ಕಾಣುತ್ತಿರಲಿಲ್ಲ ಎಂಬುದು ಅವಮಾನದ ಮಾತಷ್ಟೇ ಅಲ್ಲ, ಲೆಕ್ಕದ ಮಾತು. ಕಟ್ಟಿ ಎತ್ತರದಲ್ಲಿದ್ದುದು ಮೈಲಿಗೆಯ ಕಾರಣಕ್ಕೋ, ಮೋಸದ ಕಾರಣಕ್ಕೋ? ಎರಡನ್ನೂ ಬೇರೆ ಮಾಡಿ ನೋಡುವುದು ಸಾಧ್ಯವೇ? ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಸ್ವಲ್ಪ ದೂರ, ಅಮೆರಿಕದ ನೈರುತ್ಯದ ಮರುಭೂಮಿಯವರೆಗೆ ಹೋಗಿ ಬರಬೇಕಾಗಿದೆ. ಅಲ್ಲಿಯೂ ಒಂದು ಅಂಗಡಿ ಇತ್ತು, ಒಂದು ಎತ್ತರ ಇತ್ತು, ಕೆಳಗೆ ನಿಂತ ಒಂದು ಜನ ಇತ್ತು.

ದಲಿತ ಚಿಂತನೆ ಅಮೆರಿಕದ ಕಡೆ ನೋಡಿದ್ದು ಹೊಸದೇನಲ್ಲ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಕರಿಯ ಗುಲಾಮರನ್ನು ಬಿಡುಗಡೆ ಮಾಡಿದ ಅಮೆರಿಕದ ಜನರಿಗೆ. ನೂರು ವರ್ಷದ ನಂತರ, 1972ರಲ್ಲಿ, ಮುಂಬಯಿಯ ತರುಣರು ಬ್ಲಾಕ್ ಪ್ಯಾಂಥರ್ಸ್ ಹೆಸರಿನಿಂದಲೇ ದಲಿತ ಪ್ಯಾಂಥರ್ಸ್ ಕಟ್ಟಿದರು. ಹೀಗೆ ನಾವು ಅಲ್ಲಿನ ಕರಿಯರ ಜೊತೆ ಮಾತಾಡಿದೆವು, ಆ ನೆಲದ ಮೂಲ ಜನರ ಜೊತೆ ಹೆಚ್ಚು ಮಾತಾಡಲಿಲ್ಲ. ಫುಲೆಯವರು ಹೊಗಳಿದ ಆ ದೇಶದ ಸೈನ್ಯವೇ, ಗುಲಾಮಗಿರಿಯ ವಿರುದ್ಧ ಯುದ್ಧ ಮಾಡುತ್ತಿದ್ದ ಅದೇ ಕಾಲದಲ್ಲಿ, ನವಾಹೋ ಜನರ ಹೊಲ ಸುಟ್ಟು, ಪೀಚ್ ಗಿಡಗಳನ್ನು ಕಡಿದು, 1864ರಲ್ಲಿ ಅವರನ್ನು ನೂರಾರು ಮೈಲಿ ನಡೆಸಿಕೊಂಡು ಹೋಯಿತು. ದಾರಿಯಲ್ಲಿ ಸತ್ತವರು ಸತ್ತರು, ಉಳಿದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಬೋಸ್ಕೆ ರೆದೋಂದೊ ಎಂಬಲ್ಲಿ ನಾಲ್ಕು ವರ್ಷ ಕೂಡಿಹಾಕಿತು. ಒಬ್ಬರ ಬಿಡುಗಡೆಯ ಕಾಲ ಇನ್ನೊಬ್ಬರ ಸೆರೆಯ ಕಾಲವಾಗಿತ್ತು. ಇದನ್ನು ನಾವು ನಮ್ಮ ಬಿಡುಗಡೆಯ ಕಥನಗಳನ್ನು ಓದುವಾಗಲೂ ನೆನಪಿಡಬೇಕು.

ನವಾಹೋ ಎಂಬುದು ಹೊರಗಿನವರು ಕೊಟ್ಟ ಹೆಸರು. ಅವರು ತಮ್ಮನ್ನು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ನಮ್ಮ ಲಂಬಾಣಿಗರು ತಮ್ಮನ್ನು 'ಗೋರ್' ಎಂದು ಕರೆದುಕೊಳ್ಳುವ ಹಾಗೆ. ಸೆರೆಯಲ್ಲಿದ್ದ ಆ ನಾಲ್ಕು ವರ್ಷಗಳಲ್ಲಿ ಕುರಿ ಸಾಕಿ, ಮೆಕ್ಕೆಜೋಳ ಬೆಳೆದುಕೊಂಡಿದ್ದ ಜನ ಗೋಧಿ ಹಿಟ್ಟು, ಕಾಫಿ, ಸಕ್ಕರೆಯ ರೇಶನ್ನಿಗೆ ಕೈಚಾಚುವಂತಾಯಿತು. ರೇಶನ್ನಿಗೆ ಕೊಟ್ಟ ಲೋಹದ ಬಿಲ್ಲೆಗಳನ್ನು ಅವರ ಕಮ್ಮಾರರು ಥೇಟ್ ಹಾಗೇ ನಕಲು ಮಾಡಿ ಹಸಿದವರಿಗೆ ಹಂಚಿದರು. ಕಳ್ಳತನ ಎಂದು ಸರಕಾರದ ಕಾಗದ ಹೇಳುತ್ತದೆ. ನನಗೆ ಅದು ಆ ಜನ ಲೆಕ್ಕವನ್ನು ತಮ್ಮ ಕೈಗೆ ತೆಗೆದುಕೊಂಡ ಮೊದಲ ಪ್ರಯತ್ನ ಅನಿಸುತ್ತದೆ.

1868ರ ಒಪ್ಪಂದದಿಂದ ಅವರು ತಮ್ಮ ನೆಲಕ್ಕೆ ಮರಳಿದರು. ಸರಕಾರ ಹೊಸದಾಗಿ ಕುರಿ ಕೊಟ್ಟಿತು. ಕುರಿಯ ಹಿಂದೆಯೇ ವ್ಯಾಪಾರಿ ಬಂದ. 1881ರಲ್ಲಿ ರೈಲು ಗ್ಯಾಲಪ್ ಊರಿಗೆ ಮುಟ್ಟಿತು. ಅಲ್ಲಿಂದ ಬಂಡಿದಾರಿಯ ತುಂಬ ವ್ಯಾಪಾರದ ಠಾಣೆಗಳು ಹುಟ್ಟಿಕೊಂಡವು. ಇವುಗಳಲ್ಲಿ ಹೆಸರಾದದ್ದು ಅರಿಜೋನಾದ ಗನಾಡೊದಲ್ಲಿ ಜಾನ್ ಲೊರೆಂಜೊ ಹಬ್ಬೆಲ್ ಎಂಬಾತ 1870ರ ದಶಕದ ಕೊನೆಗೆ ಹಿಡಿದ ಅಂಗಡಿ. ಆತ 1930ರಲ್ಲಿ ತೀರಿಕೊಂಡ ಮೇಲೂ ಮನೆತನ ಅದನ್ನು ನಡೆಸಿತು. 1967ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಕೊಂಡುಕೊಂಡು ಸ್ಮಾರಕ ಮಾಡಿತು.

ಆ ಅಂಗಡಿಯ ಒಳಗಿನ ರಚನೆಯನ್ನು ಗಮನಿಸಬೇಕು. ಬಾಗಿಲು ದಾಟಿದರೆ ನಡುವೆ ಒಂದು ಬಯಲು ಜಾಗ. ಅದಕ್ಕೆ ವ್ಯಾಪಾರಿಗಳು ಇಟ್ಟ ಹೆಸರು 'ಗೂಳಿ ದೊಡ್ಡಿ'. ಮೂರು ಕಡೆ ಎತ್ತರದ, ಅಗಲದ ಕೌಂಟರು. ಎಷ್ಟೋ ಅಂಗಡಿಗಳಲ್ಲಿ ಕೌಂಟರಿನ ಹಿಂದಿನ ನೆಲವನ್ನೂ ಎತ್ತರಿಸಿ, ಗಿರಾಕಿಯನ್ನು ಮೇಲಿನಿಂದ ನೋಡುವಂತೆ ಕಟ್ಟಿಕೊಂಡಿದ್ದರು. ಕೈಗೆ ನಿಲುಕದ ಕಪಾಟಿನಲ್ಲಿ ಹಿಟ್ಟು, ಕಾಫಿ, ಸಕ್ಕರೆ, ಡಬ್ಬಿಯ ಹಣ್ಣು, ಬಟ್ಟೆ. ರೊಕ್ಕ ಇರಲಿಲ್ಲ, ಉದ್ರಿ ಇತ್ತು. ವಸಂತದಲ್ಲಿ ಉಣ್ಣೆ ಕತ್ತರಿಸಿದಾಗ ಒಂದು ಲೆಕ್ಕ, ಚಳಿಗಾಲದ ಮುಂಚೆ ಮರಿ ಮಾರಿದಾಗ ಇನ್ನೊಂದು ಲೆಕ್ಕ. ನಡುವಿನ ತಿಂಗಳುಗಳಿಗೆ ಬೆಳ್ಳಿಯ ಪಟ್ಟಿ, ನೀಲಿ ಹರಳಿನ ಸರ, ಕುದುರೆಯ ಜೀನು, ಬಂದೂಕು ಗಿರವಿ. ಕೆಲವರು ತಮ್ಮದೇ ತವರದ ಬಿಲ್ಲೆಗಳನ್ನು ರೊಕ್ಕದ ಬದಲು ಕೊಟ್ಟರು. ಆ ಬಿಲ್ಲೆ ಕೊಟ್ಟವನ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನಡೆಯುತ್ತಿರಲಿಲ್ಲ. ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕೂತು ನೇಯ್ದ ಕಂಬಳಿಯನ್ನು ಬಹಳ ಕಾಲ ತೂಕದ ಲೆಕ್ಕದಲ್ಲಿ, ಪೌಂಡಿಗೆ ಇಷ್ಟು ಎಂದು ಕೊಂಡರು. ಕಲೆಯನ್ನು ತೂಗಿದ ತಕ್ಕಡಿ ಅದು.

ಈ ಬದುಕಿನ ಬಗ್ಗೆ ಪುಸ್ತಕಗಳಿಗೇನೂ ಬರ ಇಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ವ್ಯಾಪಾರಿಗಳು, ವ್ಯಾಪಾರಿಗಳ ಹೆಂಡಂದಿರು ಬರೆದವು, ಇಲ್ಲವೆ ಅವರ ಬಾಯಿಂದ ಕೇಳಿ ಬರೆದವು. ಅವುಗಳಲ್ಲಿ ಮರುಭೂಮಿಯ ಸೂರ್ಯಾಸ್ತ ಇದೆ, ಒಂಟಿತನ ಇದೆ, 'ನಮ್ಮ ಇಂಡಿಯನ್ನರ' ಮೇಲೆ ಪ್ರೀತಿಯೂ ಇದೆ. ಆ ಪ್ರೀತಿ ಸುಳ್ಳೆಂದು ನಾನು ಹೇಳುವುದಿಲ್ಲ. 1886ರಲ್ಲಿ ಸಿಡುಬು ಬಂದಾಗ ಹಬ್ಬೆಲ್ ತನ್ನ ಮನೆಯಲ್ಲೇ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಂಡ ಎಂಬುದು ದಾಖಲಾದ ಸಂಗತಿ. ನಮ್ಮಲ್ಲಿಯೂ ಬರಗಾಲದಾಗ ಹಗೇವು ತೆಗೆದು ಜೋಳ ಹಂಚಿದ ಸಾವ್ಕಾರನ ಕತೆ ಪ್ರತಿ ಊರಲ್ಲಿ ಇದೆ. ಆದರೆ ಒಳ್ಳೆಯತನ ಚರಿತ್ರೆಯ ಪ್ರಶ್ನೆಗೆ ಉತ್ತರ ಆಗುವುದಿಲ್ಲ. ಹಗೇವಿನ ಜೋಳ ಬೆಳೆದವರು ಯಾರು, ಅದು ಸಾವ್ಕಾರನ ಹಗೇವಿಗೆ ಬಂದದ್ದು ಹ್ಯಾಗೆ ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ಅಲ್ಲಿ ಕೇಳಿದವರಲ್ಲಿ ಕ್ಯಾಥಿ ಮೆಕ್ಲಾಸ್ಕಿ ಒಬ್ಬರು. 2002ರಲ್ಲಿ ಬಂದ ಆಕೆಯ 'ಸ್ವೆಪ್ಟ್ ಅಂಡರ್ ದ ರಗ್' ಎಂಬ ಪುಸ್ತಕ ಆತ್ಮಕತೆಗಳನ್ನು ಬದಿಗಿಟ್ಟು ಹಬ್ಬೆಲ್ ಅಂಗಡಿಯ ಲೆಕ್ಕದ ಕಾಗದಗಳನ್ನು ಓದಿತು. ಉಣ್ಣೆಯ ಧಾರಣೆ ಬಿದ್ದ ವರ್ಷಗಳಲ್ಲಿ ಅಂಗಡಿಯನ್ನು ಹಿಡಿದು ನಿಲ್ಲಿಸಿದ್ದು ಹೆಂಗಸರ ನೇಯ್ಗೆ, ಆದರೆ ನೇಯ್ದವರ ಬಡತನ ಮಾತ್ರ ಹೋಗಲಿಲ್ಲ ಎಂದು ಅದು ತೋರಿಸಿತು. ವ್ಯಾಪಾರಿಯೇ ಬರೆದ ಕಾಗದವನ್ನು ವ್ಯಾಪಾರಿಯ ವಿರುದ್ಧ ಸಾಕ್ಷಿ ಹೇಳಿಸಿದ ಓದು ಇದು. ದಲಿತ ವಿಮರ್ಶೆಗೆ ಬೇಕಾದ ಓದು ಇದೇ ಎಂದು ನನ್ನ ವಾದ.

ಈಗ ನಮ್ಮ ಕಡೆಗೆ ಬರೋಣ.

ದೇವರ ಹಿಪ್ಪರಗಿ ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯ ಮೇಲಿನ ಊರು. ರಾವುತರಾಯನ ಜಾತ್ರಿಗೆ ಹೆಸರಾದದ್ದು. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಯ್ಯ ಇಲ್ಲಿಯವನು. ಬಸವಣ್ಣ ಹುಟ್ಟಿದ ಬಾಗೇವಾಡಿಯೂ ದೂರಲ್ಲ. ಅಂದರೆ ಕಾಯಕ, ದಾಸೋಹ ಎಂಬ ಮಾತುಗಳು ಹುಟ್ಟಿ ಬೆಳೆದ ಸೀಮೆ. ಈ ಸೀಮೆಯ ಎರಿ ಭೂಮಿ, ಬಿಳಿಜೋಳ, ಕಡಲೆ, ಕುಸುಬೆ ಎಲ್ಲವೂ ಪ್ಯಾಟಿಗೆ ಬರುತ್ತಿದ್ದವು. ಕಿರಾಣಿ ಅಂಗಡಿ, ಕಾಳಿನ ವ್ಯಾಪಾರ, ಬಡ್ಡಿ ವ್ಯವಹಾರ ಮೂರೂ ಒಂದೇ ಕಟ್ಟಿಯ ಮೇಲೆ ನಡೆಯುತ್ತಿದ್ದ ಕಾಲ ಅದು. ಆ ಕಟ್ಟಿಯ ಮುಂದೆ ಎರಡು ಜನ ಬಂದು ನಿಲ್ಲುತ್ತಿದ್ದರು: ಕೇರಿಯಿಂದ ಹೊಲೆಯ ಮಾದಿಗರು, ತಾಂಡಾದಿಂದ ಲಂಬಾಣಿಗರು.

ಲಂಬಾಣಿಗರದು ಒಂದು ವಿಚಿತ್ರ ಚರಿತ್ರೆ. ಒಂದು ಕಾಲಕ್ಕೆ ಅವರೇ ವ್ಯಾಪಾರಿಗಳು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ಓಡಾಡಿದವರು. ದಖ್ಖನ್ನಿನಲ್ಲಿ ಮೊಗಲರ ಸೈನ್ಯಕ್ಕೂ, ಆಮೇಲೆ ಇಂಗ್ಲಿಷರ ಸೈನ್ಯಕ್ಕೂ ಕಾಳು ಮುಟ್ಟಿಸಿದವರು. 1876-78ರ ದೊಡ್ಡ ಬರ ಈ ಜಿಲ್ಲೆಯನ್ನು, ಆಗ ಅದು ಕಲಾದಗಿ ಜಿಲ್ಲೆ, ತಿಂದುಹಾಕಿತು. ಬರ ತಡೆಯುವ ಹೆಸರಿನಲ್ಲಿ ರೈಲು ಬಂತು. 1884ರಲ್ಲಿ ಹೊಟಗಿಯಿಂದ ಗದಗಿನವರೆಗೆ ಗಾಡಿ ಓಡಿತು. ರೈಲು ಇಂಡಿಯ ಪಕ್ಕ ಹಾದು ವಿಜಯಪುರಕ್ಕೆ ಬಂತು, ಸಿಂದಗಿ ಸೀಮೆಗೆ ಬರಲಿಲ್ಲ. ಆದರೆ ಎತ್ತಿನ ಹೇರಿನ ವ್ಯಾಪಾರವನ್ನು ಮಾತ್ರ ಎಲ್ಲಾ ಕಡೆಯೂ ಮುಗಿಸಿತು. ನವಾಹೋ ಸೀಮೆಗೆ 1881ರಲ್ಲಿ ಬಂದ ರೈಲು ಒಂದು ಜನದ ನಡುವೆ ಹೊರಗಿನ ವ್ಯಾಪಾರಿಯನ್ನು ತಂದು ಕೂರಿಸಿತು. ಮೂರೇ ವರ್ಷದ ಅಂತರದಲ್ಲಿ ಇಲ್ಲಿಗೆ ಬಂದ ರೈಲು ಒಂದು ವ್ಯಾಪಾರಿ ಜನವನ್ನೇ ಇನ್ನೊಬ್ಬರ ಅಂಗಡಿಯ ಮುಂದೆ ಸಾಲಗಾರರನ್ನಾಗಿ ನಿಲ್ಲಿಸಿತು. ಉಪ್ಪು ಮಾರಿದವರೇ ಉಪ್ಪಿಗೆ ಉದ್ರಿ ಕೇಳಿದರು.

ಓಡಾಡುವವರ ಮೇಲೆ ಸರಕಾರಕ್ಕೆ ಸಂಶಯ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ದೇಶಕ್ಕೆಲ್ಲಾ ಹಬ್ಬಿತು. ಅಲೆಮಾರಿ ಜನರನ್ನು ತಂತಿಬೇಲಿಯೊಳಗೆ ಇಟ್ಟು ಹಾಜರಿ ಕರೆಯುವ ವಸಾಹತುಗಳು ವಿಜಯಪುರ, ಗದಗ, ಹುಬ್ಬಳ್ಳಿಗಳಲ್ಲಿ ಎದ್ದವು. ಹುಬ್ಬಳ್ಳಿಯಲ್ಲಿ ಇವತ್ತೂ ಆ ಓಣಿಗೆ 'ಸೆಟ್ಲಮೆಂಟ್' ಅಂತಲೇ ಹೆಸರು. ಕಾಯ್ದೆ ರದ್ದಾದದ್ದು 1952ರಲ್ಲಿ. ಬೋಸ್ಕೆ ರೆದೋಂದೊ ನಮಗೆ ದೂರದ ಹೆಸರೇನಲ್ಲ.

ಈ ವಸಾಹತುಗಳ ಅಧಿಕಾರಿಯಾಗಿದ್ದವನು ಸ್ಟಾರ್ಟ್ ಎಂಬ ಇಂಗ್ಲಿಷ್ ಅಧಿಕಾರಿ. ಅದೇ ಸ್ಟಾರ್ಟ್‌ನ ಅಧ್ಯಕ್ಷತೆಯಲ್ಲಿ ಮುಂಬಯಿ ಸರಕಾರ 1928ರಲ್ಲಿ ಅಸ್ಪೃಶ್ಯರು ಮತ್ತು ಆದಿವಾಸಿಗಳ ಸ್ಥಿತಿ ನೋಡಲು ಒಂದು ಸಮಿತಿ ಮಾಡಿತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಮಿತಿಯ ಸದಸ್ಯರಲ್ಲಿ ಡಾ. ಅಂಬೇಡ್ಕರ್ ಒಬ್ಬರು. 1930ರಲ್ಲಿ ಬಂದ ಅದರ ವರದಿ ಬಹಿಷ್ಕಾರದ ಬಗ್ಗೆ ಹೇಳುವಾಗ ಅಂಗಡಿಯನ್ನು ಮರೆಯಲಿಲ್ಲ. ಅಸ್ಪೃಶ್ಯರು ಹಕ್ಕು ಕೇಳಿದರೆ ಊರವರು ಕೂಲಿ ನಿಲ್ಲಿಸುತ್ತಾರೆ, ದಾರಿ ಮುಚ್ಚುತ್ತಾರೆ, ಹೊಟ್ಟೆಗೆ ಬೇಕಾದ ಸಾಮಾನನ್ನೂ ಮಾರದಂತೆ ಅಂಗಡಿಕಾರನನ್ನು ತಡೆಯುತ್ತಾರೆ ಎಂಬುದು ಅದರ ಸಾರ. ಅದೇ ವರ್ಷ ದುಂಡುಮೇಜಿನ ಪರಿಷತ್ತಿಗೆ ಹೋದ ಅಂಬೇಡ್ಕರ್ ಬಹಿಷ್ಕಾರವನ್ನು ಅಪರಾಧ ಮಾಡಬೇಕೆಂದು ಕೇಳಿದಾಗ ಈ ವರದಿಯನ್ನೇ ಮುಂದಿಟ್ಟರು.

ನವಾಹೋ ಅಂಗಡಿಗೂ ನಮ್ಮ ಅಂಗಡಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಅಲ್ಲಿನ ವ್ಯಾಪಾರಿ ಬೇರೆ ಜನಾಂಗದವನು, ಬೇರೆ ಭಾಷೆಯವನು. ಆದರೆ ವ್ಯಾಪಾರಕ್ಕಾಗಿ ಗಿರಾಕಿಯ ಭಾಷೆ ಕಲಿತ, ಕೈಗೆ ಕೈ ಕೊಟ್ಟ, ಕೌಂಟರಿನ ಮೇಲೆ ಪುಕ್ಕಟೆ ತಂಬಾಕು ಇಟ್ಟ. ಅವನು ಎತ್ತರವನ್ನು ಕಟ್ಟಿಗೆಯಿಂದ ಕಟ್ಟಬೇಕಾಯಿತು. ನಮ್ಮ ಸಾವ್ಕಾರ ನಮ್ಮದೇ ಭಾಷೆಯವನು, ನಮ್ಮದೇ ಜಾತ್ರಿಗೆ ಬರುವವನು. ಆದರೂ ಮುಟ್ಟಲಿಲ್ಲ. ಅವನ ಎತ್ತರ ಹುಟ್ಟುತ್ತಲೇ ಅವನಿಗೆ ಸಿಕ್ಕಿತ್ತು, ಕಟ್ಟಿ ಬರೀ ಅದರ ಗುರುತು. ಅಲ್ಲಿ ವ್ಯಾಪಾರಿ ಅಂಗಡಿ ಬಂದ್ ಮಾಡಿದರೆ ನಷ್ಟ ಅವನಿಗೂ ಇತ್ತು. ಇಲ್ಲಿ ಇಡೀ ಊರು ಅವನ ಬೆನ್ನಿಗೆ ನಿಂತು, ಉಪ್ಪು ಕೊಡಬ್ಯಾಡ ಎಂದರೆ ಕೇರಿಯೇ ಮಂಡಿ ಊರಬೇಕಾಗಿತ್ತು. ಬಂಡವಾಳ ಗಿರಾಕಿಯನ್ನು ಕಳಕೊಳ್ಳಲು ಹೆದರುತ್ತದೆ. ಜಾತಿ ಹೆದರುವುದಿಲ್ಲ. ನಮ್ಮ ಎಡಪಂಥದ ಗೆಳೆಯರು ಸಾವ್ಕಾರಿಕೆಯನ್ನು ಬರೀ ಬಡ್ಡಿಯ ದರದಲ್ಲಿ ಅಳೆದಾಗ ಬಿಟ್ಟುಹೋದದ್ದು ಇದೇ.

ಇನ್ನೊಂದು ವ್ಯತ್ಯಾಸವನ್ನೂ ಮುಚ್ಚಿಡಬಾರದು. ತಾಂಡಾದವರು ಕಟ್ಟಿ ಹತ್ತಬಹುದಿತ್ತು. ಕೇರಿಯವರು ಹತ್ತುವಂತಿರಲಿಲ್ಲ. ಒಳಮೀಸಲಾತಿಯ ವಾದದಲ್ಲಿ ಕೇರಿಯವರು ಈ ಮಾತನ್ನು ಎತ್ತುವುದು ಸುಳ್ಳೇನಲ್ಲ. ಆದರೆ ಹತ್ತಿದವರಿಗೂ ಖಾತೆಯಲ್ಲಿ ಏನು ಬರೆದಿದೆ ಎಂದು ಗೊತ್ತಾಗುತ್ತಿರಲಿಲ್ಲ. ನಮ್ಮ ಮುಂಬಯಿ ಕರ್ನಾಟಕದಲ್ಲಿ ಹಳೆಯ ಲೆಕ್ಕಗಳು ಎಷ್ಟೋ ಕಾಲ ಮೋಡಿ ಲಿಪಿಯಲ್ಲಿ ಇರುತ್ತಿದ್ದವು. ಸಾಲಿ ಕಲಿತು ಕನ್ನಡ ಓದುವ ಹುಡುಗ ಕೂಡ ಅದನ್ನು ಓದಲಾರ. ಮೋಡಿ ಎಂಬ ಹೆಸರು ಅದಕ್ಕೆ ಸರಿಯಾಗಿಯೇ ಇದೆ. ರದ್ದಿಯಲ್ಲಿ ನನಗೆ ಸಿಕ್ಕ ಒಂದು ಹರಕು ಖಾತೆ ಪುಸ್ತಕದಲ್ಲಿ, ಅದು ಕನ್ನಡದ್ದೇ, ಊರವರ ಹೆಸರುಗಳು ಅಡ್ಡಹೆಸರಿನ ಸಮೇತ ಇವೆ. ಕೇರಿಯವರ ಹೆಸರು ಬಂದಲ್ಲಿ 'ಇಂಥವರ ಆಳು' ಎಂದಷ್ಟೇ ಇದೆ. ಸಾಲ ಮಾತ್ರ ಆಳಿನದು, ಹೆಸರು ಧಣಿಯದು. ನವಾಹೋ ಸೀಮೆಯ ವ್ಯಾಪಾರಿಗಳೂ ತಮ್ಮ ಬಾಯಿಗೆ ಬಂದ ಹೆಸರನ್ನು ಗಿರಾಕಿಗೆ ಇಟ್ಟು ಬರೆದುಕೊಳ್ಳುತ್ತಿದ್ದರು. ಬರೆಯುವವನು ಹೆಸರನ್ನೂ ಇಡುತ್ತಾನೆ.

1950ರಲ್ಲಿ ಸಂವಿಧಾನ ಬಂತು. ಹದಿನೈದನೆಯ ವಿಧಿಯ ಎರಡನೇ ಖಂಡದಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಮೊದಲನೆಯದೇ ಅಂಗಡಿ. ಕೆರೆ ಬಾವಿಗಳಿಗಿಂತ ಮುಂಚೆ ಅಂಗಡಿ! 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಶಬ್ದದ ಬಗ್ಗೆ ಪ್ರಶ್ನೆ ಬಂದಾಗ ಅಂಬೇಡ್ಕರ್ ಅದಕ್ಕೆ ಅಗಲವಾದ ಅರ್ಥ ಕೊಟ್ಟರು. ಬಟ್ಟೆ ಒಗೆಯುವ ಜಾಗ, ಕ್ಷೌರದ ಜಾಗ, ಸೇವೆ ಕೊಡಲು ತೆರೆದಿಟ್ಟ ಯಾವ ಜಾಗವಾದರೂ ಅಂಗಡಿಯೇ ಎಂದರು. ಮಡಿವಾಳ ಮಾಚಯ್ಯನ ಊರಿನವನಾದ ನನಗೆ ಇದನ್ನು ಓದಿದಾಗ ಬಹಳ ಹೊತ್ತು ಸುಮ್ಮನೆ ಕೂರುವಂತಾಯಿತು. ನಮ್ಮ ಅರಿವೆ ಒಗೆಯದ, ನಮ್ಮ ತಲೆ ಬೋಳಿಸದ ಊರುಗಳು ಆಮೇಲೂ ಎಷ್ಟೋ ವರ್ಷ ಇದ್ದವು.

ಖಾತೆಯ ಮೇಲೆ ಕಾಯ್ದೆಯ ಕೈ ಬಿದ್ದದ್ದು ಎರಡೂ ಕಡೆ 1970ರ ದಶಕದಲ್ಲಿ. ನವಾಹೋ ಸೀಮೆಯಲ್ಲಿ 1967ರಲ್ಲಿ ಹುಟ್ಟಿದ ಬಡವರ ವಕೀಲರ ಸಂಸ್ಥೆ ವ್ಯಾಪಾರಿಗಳನ್ನು ಕೋರ್ಟಿಗೆ ಎಳೆಯಿತು. 1972ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬಹಿರಂಗ ವಿಚಾರಣೆ ಮಾಡಿ, ಮುಂದಿನ ವರ್ಷ ವರದಿ ಕೊಟ್ಟಿತು. ಜಾಸ್ತಿ ಧಾರಣೆ, ಬಡ್ಡಿ ಮುಚ್ಚಿಡುವುದು, ಗಿರವಿ ವಸ್ತು ಅವಧಿ ಮುಗಿದೊಡನೆ ಮಾರುವುದು, ಪಿಂಚಣಿಯ ಚೆಕ್ಕನ್ನು ಹಿಡಿದಿಡುವುದು ಎಲ್ಲಾ ಹೊರಗೆ ಬಂತು. ನಿಯಮ ಬಿಗಿಯಾದವು. ಠಾಣೆಗಳು ಗಿರವಿ ಬಿಟ್ಟವು, ಗಿರವಿ ಅಂಗಡಿಗಳು ಗಡಿಯಾಚೆಯ ಗ್ಯಾಲಪ್ಪಿಗೆ ಹೋಗಿ ಕೂತವು. ಇಲ್ಲಿ ದೇವರಾಜ ಅರಸು ಸರಕಾರ 1976ರಲ್ಲಿ ಋಣಪರಿಹಾರ ಕಾಯ್ದೆ ತಂದು ಸಣ್ಣ ರೈತರ, ಭೂಮಿ ಇಲ್ಲದ ಕೂಲಿಗಳ ಸಾಲ ಮುಗಿಯಿತೆಂದು ಸಾರಿತು. ಗಿರವಿ ಇಟ್ಟ ವಸ್ತು ತಿರುಗಿ ಕೊಡಬೇಕೆಂದಿತು. ಜೀತ ನಿಷೇಧದ ಕೇಂದ್ರ ಕಾಯ್ದೆಯೂ ಅದೇ ವರ್ಷದ್ದು. ಆಯಿಯ ಅವ್ವನ ಬೆಳ್ಳಿ ಕಡಗ ಗಿರವಿ ಇತ್ತಂತೆ. 'ಚೀಟಿ ಎಲ್ಲೈತಿ ಅಂದ್ರು. ಚೀಟಿ ಅವರs ಬರ್ದು ಅವರs ಇಟ್ಕೊಂಡಿದ್ರು. ಕಾಯ್ದೆ ಬಂತು, ಕಡಗ ಬರ್ಲಿಲ್ಲ, ಉದ್ರಿನೂ ನಿಂತ್ತು.' ಕಾಯ್ದೆ ಸಾಲವನ್ನು ಅಳಿಸಬಲ್ಲದು. ಬರೆಯುವ ಕೈಯನ್ನು ಅದು ಬದಲಿಸಲಿಲ್ಲ.

ಇವತ್ತು ದೇವರ ಹಿಪ್ಪರಗಿ ತಾಲೂಕಾಗಿದೆ. ಪ್ಯಾಟಿಯ ಕಟ್ಟಿಗಳಿಗೆ ಶಟರ್ ಬಂದಿವೆ. ಯಾರು ಬೇಕಾದರೂ ಒಳಗೆ ಹೋಗಿ, ತೂಕದ ಯಂತ್ರದ ಕೆಂಪು ಅಂಕಿ ನೋಡಬಹುದು. ಇದು ಸಣ್ಣ ಗೆಲುವಲ್ಲ. ಇದನ್ನು ಹೋರಾಡಿ ತಂದವರಿಗೆ ನಾವು ಋಣಿಗಳು. ಆದರೆ ಖಾತೆ ಎಲ್ಲಿಗೆ ಹೋಯಿತು? ಸುಗ್ಗಿ ಮುಗಿದ ಮೇಲೆ ತಾಂಡಾ ಕೇರಿ ಎರಡೂ ಖಾಲಿಯಾಗಿ ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿಗೆ ಹೋಗುವಾಗ ಮುಕಾದಮನಿಂದ ತಗೊಂಡ ಮುಂಗಡ ಅವನ ಡೈರಿಯಲ್ಲಿ ಇರುತ್ತದೆ. ಗುಂಪು ಸಾಲದ ಕಂತು ಹೆಂಗಸರ ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಸರಕಾರ ಮತ್ತೆ ಕಾಯ್ದೆ ತರಬೇಕಾಯಿತು. ಮೋಡಿ ಲಿಪಿ ಬೇರೆ ವೇಷದಲ್ಲಿ ಮುಂದುವರಿದಿದೆ.

ಮುದ್ದೇಬಿಹಾಳದವರಾದ ಅರವಿಂದ ಮಾಲಗತ್ತಿ 1994ರಲ್ಲಿ 'ಗೌರ್ಮೆಂಟ್ ಬ್ರಾಹ್ಮಣ' ಬರೆದಾಗ ಈ ಸೀಮೆಯ ಕೇರಿ ತನ್ನ ಕತೆಯನ್ನು ತಾನೇ ಹೇಳಿಕೊಂಡಿತು. ಅದು ಕಟ್ಟಿಯ ಕೆಳಗಿನಿಂದ ಬಂದ ಬರವಣಿಗೆ. ಅದರ ನಂತರದ ಕೆಲಸ ಕಟ್ಟಿಯ ಮೇಲಿನ ಬರವಣಿಗೆಯನ್ನು ಕೆಳಗೆ ಇಳಿಸಿ ಓದುವುದು. ಕೀರ್ದಿ, ಖಾತೆ, ಗಿರವಿ ಚೀಟಿ, ಗೌಡಕಿ ಕುಲಕರ್ಣಿಕಿ ಕಾಗದ, ವಸಾಹತಿನ ಹಾಜರಿ ಪುಸ್ತಕ, ಇವು ನಮ್ಮ ಸಾಹಿತ್ಯ ವಿಮರ್ಶೆಗೆ ಪಠ್ಯ ಆಗಬೇಕು. ಕಾವ್ಯ ಕಾದಂಬರಿಗಳಲ್ಲಿ ನಮ್ಮವರ ಚಿತ್ರ ಎಲ್ಲಿದೆ ಎಂದು ಹುಡುಕಿ ದಣಿದಿದ್ದೇವೆ. ನಮ್ಮವರ ಬಗ್ಗೆ ತಪ್ಪದೆ, ದಿನಾ, ಪೈಸೆ ಪೈಸೆಗೂ ಬರೆದಿಟ್ಟವನು ಕವಿಯಲ್ಲ, ಸಾವ್ಕಾರ. ಆ ಪುಸ್ತಕಗಳು ಈಗ ರದ್ದಿಗೆ ಹೋಗುತ್ತಿವೆ, ಗೆದ್ದಲು ತಿನ್ನುತ್ತಿದೆ. ಮೋಡಿ ಓದುವವರೂ ಕಡಿಮೆಯಾಗುತ್ತಿದ್ದಾರೆ. ಪ್ರತಿ ತಾಲೂಕಿನಲ್ಲಿ ನಮ್ಮ ಒಬ್ಬಿಬ್ಬರು ಹುಡುಗ ಹುಡುಗಿಯರಾದರೂ ಮೋಡಿ ಕಲಿತು, ಆ ಕಾಗದಗಳ ಎದುರು ಕೂತು, ಪಕ್ಕದಲ್ಲಿ ತಮ್ಮ ಆಯಿಯನ್ನೋ ಮುತ್ಯಾನನ್ನೋ ಕೂರಿಸಿಕೊಂಡು ಓದಬೇಕು. ಕಾಗದ ಹೇಳಿದ ತೂಕ ಎಷ್ಟು, ಉಡಿಗೆ ಬಿದ್ದದ್ದು ಎಷ್ಟು ಎಂದು ಕೇಳಬೇಕು.

ಆಯಿಗೆ ಇದನ್ನು ಹೇಳಿದೆ. ಆಕೆ ನಕ್ಕು, 'ಓದಿ ಏನ ಮಾಡ್ತಿ? ನನ್ನ ಬಾಕಿ ಇನ್ನೂ ಎಷ್ಟೈತಿ ನೋಡಿ ಹೇಳ' ಅಂದಳು.